ನೆಗಡಿಯೂ ನೆಗೆತವೂ

ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಳ್ಳುವರೆ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾವು ಮೂವತ್ತಮೂರು ವರ್ಷಗಳ ಕಾಲ ಮಕ್ಕಳಿಗೆ ಹೇಳುತ್ತ ಬಂದೆವು. ಉತ್ತರಪತ್ರಿಕೆಗಳಲ್ಲಿ ಬರುತ್ತಿದ್ದ ಅರ್ಥ ಒಂದೇ: ಅಲ್ಪವಾದ ತೊಂದರೆಗೆ ಅತಿಯಾದ ಪರಿಹಾರ ಕೂಡದು. ನೆಗಡಿಯು ಅಲ್ಪವೆಂಬ ವಿಷಯದಲ್ಲಿ ಬರೆದ ಮಕ್ಕಳಿಗಾಗಲಿ ತಿದ್ದಿದ ನಮಗಾಗಲಿ ಎಂದೂ ಸಂಶಯ ಉಂಟಾಗಲಿಲ್ಲ. ೨೦೨೪ನೆಯ ಇಸವಿ ಅಕ್ಟೋಬರ್ ೨೦ನೆಯ ತಾರೀಖು ಭಾನುವಾರ ಬೆಳಗ್ಗೆ, ಕ್ಯಾಲಿಫೋರ್ನಿಯಾದ ಪೆರಿಸ್ ಎಂಬ ಊರಿನ ಬಯಲಿನಲ್ಲಿ, ಆಕಾಶದಿಂದ ಇಳಿದುಬಂದ ನಮ್ಮ ಮಗಳು ಶಿರಸ್ತ್ರಾಣದ ಮುಚ್ಚಳವನ್ನು ಮೇಲೆತ್ತಿದಾಗ ಅವಳ ಮೂಗಿನಿಂದ ಗಲ್ಲದವರೆಗೆ ರಕ್ತ ಹರಿದಿರುವುದನ್ನು ಕಂಡೆವು. ಸಂಶಯ ಹುಟ್ಟಿದ್ದು ಆಗ.

ನಮ್ಮ ಈ ಎರಡನೆಯ ಮಗಳು ಅಮೆರಿಕ ದೇಶದ ಅರ್ವೈನ್ ಎಂಬ ಪಟ್ಟಣದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಚಿಕ್ಕವಳಾಗಿದ್ದಾಗ ನಮ್ಮ ಮನೆಯ ಅಟ್ಟದ ಏಣಿಯನ್ನು ಹತ್ತಲು ಅಂಜುತ್ತಿದ್ದವಳು. ೨೦೨೩ರಲ್ಲಿ ಒಂದು ದಿನ ದೂರವಾಣಿಯಲ್ಲಿ, "ಅಪ್ಪಾ, ನಾನು ಸ್ಕೈಡೈವಿಂಗ್ ಕಲಿಯುತ್ತಿದ್ದೇನೆ, ಬೈಯಬೇಡಿ" ಎಂದಳು. ವಿಮಾನವು ಕೆಟ್ಟು ಬೀಳುವಾಗ ಪ್ರಾಣವುಳಿಸಿಕೊಳ್ಳಲು ಕೊಡೆ ಹಿಡಿದು ಹಾರುವುದನ್ನು ನಾವು ಓದಿದ್ದೆವು. ಚೆನ್ನಾಗಿರುವ ವಿಮಾನದಿಂದ, ದುಡ್ಡು ಕೊಟ್ಟು, ರಜದ ದಿನ ಬೆಳಗ್ಗೆ ಎದ್ದು ಹೋಗಿ ಹಾರುವುದು ನಮ್ಮ ಬುದ್ಧಿಗೆ ಹತ್ತಲಿಲ್ಲ. ಬೈಯಬೇಡಿರೆಂದು ಮೊದಲೇ ಕೇಳಿಕೊಂಡಿದ್ದರಿಂದ ಬೈಯಲೂ ಆಗಲಿಲ್ಲ. ಒಂದು ತಿಂಗಳು ಮಾತು ಕಡಿಮೆ ಮಾಡಿದೆವು. ನಮ್ಮ ಮನೆಯವರು ಮಾತ್ರ ಪ್ರತಿ ಭಾನುವಾರ ರಾತ್ರಿ ದೇವರ ದೀಪವನ್ನು ಆರಗೊಡದೆ ಎಚ್ಚರವಾಗಿರುತ್ತಿದ್ದರು. ಅಲ್ಲಿ ಬೆಳಗಾದಾಗ ಇಲ್ಲಿ ರಾತ್ರಿಯಷ್ಟೆ.

ಆ ದೇಶದ ಪ್ಯಾರಾಚೂಟ್ ಸಂಘದವರು ಮೊದಲನೆಯ ದರ್ಜೆಯ ಪರವಾನಗಿಯನ್ನು ಕೊಡಬೇಕಾದರೆ ಇಪ್ಪತ್ತೈದು ಸಲ ಹಾರಿರಬೇಕೆಂಬ ನಿಯಮವುಂಟು. ಅವಳು ಅದನ್ನು ಮುಗಿಸಿ ನಲವತ್ತರ ಹತ್ತಿರಕ್ಕೆ ಬಂದಿದ್ದಳು. ನಮಗೆ ನಿವೃತ್ತಿಯಾದ ಮೇಲೆ, ೨೦೨೪ರ ಆಗಸ್ಟ್ ತಿಂಗಳಲ್ಲಿ, ನಾವಿಬ್ಬರೂ ಅವಳ ಮನೆಗೆ ಹೋದೆವು. ಅಕ್ಟೋಬರ್ ಕೊನೆಯಲ್ಲಿ ಮೂವರೂ ಕೂಡಿ ಊರಿಗೆ ಬಂದು ದೀಪಾವಳಿಯನ್ನು ಮಾಡಿ, ನವೆಂಬರಿನಲ್ಲಿ ಹೊಳೆನರಸೀಪುರದಲ್ಲಿ ನಮ್ಮ ತಾಯಿಯವರ ಸಹಸ್ರಚಂದ್ರದರ್ಶನಶಾಂತಿಯನ್ನು ನೆರವೇರಿಸುವುದೆಂದು ನಿಶ್ಚಯವಾಗಿದ್ದಿತು. ತಾಯಿಯವರಿಗೆ ಎಂಬತ್ತೊಂದು ವರ್ಷ. ಈ ಮೊಮ್ಮಗಳನ್ನು ನೋಡಿ ಮೂರು ವರ್ಷವಾಗಿದ್ದಿತು. ಅವರು ಎಣಿಸುತ್ತಿದ್ದುದು ಚಂದ್ರರನ್ನಲ್ಲ, ಇವಳು ಬರುವ ದಿನಗಳನ್ನು.

ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದುದರಿಂದ ನಮ್ಮ ಮನಸ್ಸು ಬದಲಾಯಿತು. ರಾತ್ರಿ ಊಟವಾದ ಮೇಲೆ ಅವಳು ಆ ಚೀಲವನ್ನು ಹಜಾರದಲ್ಲಿ ಹರವಿ, ಹಗ್ಗಗಳನ್ನು ಎಣಿಸಿ, ರೇಷ್ಮೆಸೀರೆಗಿಂತ ನಯವಾಗಿ ಆ ಬಟ್ಟೆಯನ್ನು ಮಡಿಸುತ್ತಿದ್ದುದನ್ನು ನೋಡಿದೆವು. ಅವಳಿಗೆ ಅದು ಹುಡುಗಾಟವಾಗಿರಲಿಲ್ಲ. ಅಷ್ಟು ಶ್ರದ್ಧೆಯಿಂದ ಅವಳು ಶಬ್ದಮಂಜರಿಯನ್ನು ಓದಿದ್ದನ್ನು ನಾವು ಕಂಡಿರಲಿಲ್ಲ. ಕೊನೆಗೆ ನಾವಾಗಿಯೇ, "ಒಂದು ದಿನ ಬಂದು ನೋಡುತ್ತೇವೆ" ಎಂದೆವು. ಅವಳ ಮುಖ ಅರಳಿದುದನ್ನು ಇಲ್ಲಿ ಬರೆಯಲಾರೆವು. ಒಂದು ಭಾನುವಾರ ಗಾಳಿ ಹೆಚ್ಚೆಂದು ಹಾರಲು ಬಿಡಲಿಲ್ಲ. ಇನ್ನೊಂದು ಭಾನುವಾರ ಅವಳಿಗೆ ಕಛೇರಿಯ ಕೆಲಸ ಬಂದಿತು. ಉಳಿದುದು ೨೦ನೆಯ ತಾರೀಖು ಒಂದೇ.

ಅದಕ್ಕೆ ಒಂದು ವಾರ ಮೊದಲು ಅವಳಿಗೆ ನೆಗಡಿಯಾಯಿತು. ಮನೆಯವರು ಮೆಣಸಿನ ಸಾರು ಮಾಡಿದರು, ಹಬೆ ಹಿಡಿಸಿದರು, ಅರಿಸಿನದ ಕೊಂಬನ್ನು ಸುಟ್ಟು ಹೊಗೆ ಕೊಡಹೋದಾಗ ಮನೆಯ ಸೂರಿನಲ್ಲಿದ್ದ ಯಂತ್ರವು ಕೂಗಿಕೊಂಡು ಆ ಪ್ರಯೋಗ ಅಲ್ಲಿಗೇ ನಿಂತಿತು. ಮಗಳು ಅಂಗಡಿಯಿಂದ ಮೂಗಿಗೆ ಹಾಕುವ ತುಂತುರು ಔಷಧವನ್ನು ತಂದು ಬೆಳಗ್ಗೆ ರಾತ್ರಿ ಹಾಕಿಕೊಳ್ಳುತ್ತಿದ್ದಳು. ಶನಿವಾರ ರಾತ್ರಿ ಹೇಗಿದೆಯೆಂದು ಕೇಳಿದರೆ, "ಎಲ್ಲ ಹೋಯಿತು" ಎಂದಳು. ನಾವು ಆಗ ಒಂದು ಮಾತು ಆಡಿದೆವು: "ಒಳ್ಳೆಯದಾಯಿತು ಮಗು, ನಾಳೆ ತಪ್ಪಿದರೆ ನಮಗೆ ಇನ್ನು ನೋಡುವ ಯೋಗವಿಲ್ಲ." ಇದನ್ನು ಬಿಟ್ಟು ಮಿಕ್ಕದ್ದನ್ನು ಬರೆದರೆ ವಾಚಕರಿಗೆ ಸುಳ್ಳು ಹೇಳಿದಂತಾಗುತ್ತದೆ.

ಬೆಳಗ್ಗೆ ಹೊರಡುವಾಗ ಅವಳು ತಾಯಿಯನ್ನು ಕೂಗಿದ ಧ್ವನಿಯಲ್ಲಿ "ಅಮ್ಮ" ಎಂಬುದು "ಅಬ್ಬ" ಎಂದಿದ್ದಿತಂತೆ. ಮನೆಯವರು ಅದನ್ನು ಗುರುತಿಸಿ, "ಇವಳ ಮೂಗು ಇನ್ನೂ ಕಟ್ಟಿದೆ, ಇವತ್ತು ಬೇಡ" ಎಂದರು. ವರ್ಗದ ಐದನೆಯ ಅಕ್ಷರವು ಬಾಯಿ ಮೂಗು ಎರಡರಿಂದಲೂ ಹುಟ್ಟತಕ್ಕದ್ದು, ಮೂಗು ಮುಚ್ಚಿದರೆ ಮಕಾರವು ಬಕಾರವಾಗುವುದು ಎಂದು ವರ್ಷವರ್ಷವೂ ತರಗತಿಯಲ್ಲಿ ಮಕ್ಕಳ ಮೂಗನ್ನು ಹಿಡಿಸಿ ತೋರಿಸುತ್ತಿದ್ದವರು ನಾವು. ಆ ದಿನ ನಮ್ಮ ಕಿವಿಗೆ ಅದು ಬೀಳಲಿಲ್ಲ. ವ್ಯಾಕರಣವನ್ನು ಓದದ ಆಕೆಯ ಕಿವಿಗೆ ಬಿದ್ದಿತು. "ಸುಮ್ಮನೆ ಅಪಶಕುನ ನುಡಿಯಬೇಡ" ಎಂದು ನಾವು ಕಾರಿನಲ್ಲಿ ಕುಳಿತೆವು.

ಪೆರಿಸ್ ಎಂಬುದು ಬೋಳುಗುಡ್ಡಗಳ ನಡುವಿನ ಒಣ ಬಯಲು. ಚಿತ್ರದುರ್ಗದ ಕಡೆಯ ನೆಲವನ್ನು ನೆನಪಿಗೆ ತರುತ್ತದೆ. ಇಳಿಯುವ ಜಾಗದಲ್ಲಿ ಮಾತ್ರ ಹಸುರು ಹುಲ್ಲನ್ನು ಬೆಳೆಸಿದ್ದಾರೆ. ಎರಡು ಎಂಜಿನುಗಳ ಟ್ವಿನ್ ಆಟರ್ ಎಂಬ ವಿಮಾನವು ಇಪ್ಪತ್ತು ಜನರನ್ನು ತುಂಬಿಕೊಂಡು ಮೇಲಕ್ಕೆ ಹೋಯಿತು. ಕಾಲು ಗಂಟೆಯ ಮೇಲೆ, ಕಣ್ಣಿಗೆ ಕಾಣಿಸದಷ್ಟು ಎತ್ತರದಿಂದ, ಸಾಸಿವೆಯ ಕಾಳಿನಂತೆ ಕೆಲವು ಚುಕ್ಕೆಗಳು ಉದುರಿದವು. ಅವು ಬೆಳೆದವು, ಬಣ್ಣದ ಕೊಡೆಗಳಾದವು. ಹಳದಿಯೂ ನೀಲಿಯೂ ಬೆರೆತದ್ದು ನಮ್ಮದೆಂದು ಗುರುತು ಹಿಡಿದು, ಪಕ್ಕದಲ್ಲಿದ್ದ ಅಪರಿಚಿತನೊಬ್ಬನಿಗೆ ಬೆರಳು ಮಾಡಿ ತೋರಿಸಿದೆವು. ಹೆಮ್ಮೆಯೆಂಬುದು ಅರವತ್ತನೆಯ ವಯಸ್ಸಿನಲ್ಲಿ ಕುತ್ತಿಗೆನೋವಿನೊಡನೆ ಬರುತ್ತದೆಯೆಂದು ತಿಳಿಯಿತು. ಅವಳು ಕಾಲೂರಿ ಎರಡು ಹೆಜ್ಜೆ ಓಡಿ ನಿಂತಳು. ಆಮೇಲೆ ಹಣೆಯನ್ನು ಎರಡು ಕೈಗಳಿಂದಲೂ ಒತ್ತಿಕೊಂಡು ಹುಲ್ಲಿನ ಮೇಲೆ ಕುಳಿತುಬಿಟ್ಟಳು.

ಏನೋ ಬಡಿದಿರಬೇಕೆಂದು ನಾವು ಓಡಿದೆವು. ಎಲ್ಲಿಯೂ ಗಾಯವಿಲ್ಲ. "ಹಣೆಯೊಳಗೆ ಸೂಜಿ ಚುಚ್ಚಿದ ಹಾಗೆ, ಅಪ್ಪಾ" ಎಂದಳು. ಕಣ್ಣಿನಿಂದ ನೀರು, ಮೂಗಿನಿಂದ ರಕ್ತ. ಗಾಳಿಯ ವೇಗವು ಮೂಗಿಗೆ ಹೊಡೆದು ರಕ್ತ ಬಂದಿತೆಂದು ನಾವು ತಿಳಿದೆವು. ನೋಡುತ್ತಿದ್ದ ಇನ್ನು ಕೆಲವರೂ ಹಾಗೆಯೇ ತಿಳಿದರು. ಅದು ತಪ್ಪೆಂದು ಆ ಮಧ್ಯಾಹ್ನ ಕಿವಿಮೂಗುಗಂಟಲಿನ ವೈದ್ಯೆಯೊಬ್ಬರು ನಮ್ಮನ್ನು ಕೂರಿಸಿಕೊಂಡು ತಿಳಿಸಿಕೊಟ್ಟರು. ಮುದುಕರಿಗೆ ಪಾಠ ಹೇಳುವ ತಾಳ್ಮೆ ಅವರಿಗಿದ್ದಿತು. ಆಮೇಲೆ ನಾವೂ ಪುಸ್ತಕಗಳನ್ನು ನೋಡಿ ತಿಳಿದುಕೊಂಡೆವು.

ನಮ್ಮ ಜನ "ನನಗೆ ಸೈನಸ್ ಇದೆ" ಎನ್ನುತ್ತಾರೆ. ಸೈನಸ್ ಎಲ್ಲರಿಗೂ ಇದೆ. ಅದು ರೋಗದ ಹೆಸರಲ್ಲ, ಜಾಗದ ಹೆಸರು. ಮುಖದ ಎಲುಬುಗಳೊಳಗೆ ಮೂಗಿನ ಎರಡು ಪಕ್ಕಗಳಲ್ಲಿಯೂ ಗಾಳಿ ತುಂಬಿದ ಪೊಟರೆಗಳಿವೆ: ಕೆನ್ನೆಯೊಳಗೆ ಒಂದು, ಹುಬ್ಬಿನ ಮೇಲೆ ಹಣೆಯೊಳಗೆ ಒಂದು, ಕಣ್ಣಿಗೂ ಮೂಗಿಗೂ ನಡುವೆ ಜೇನುಹಟ್ಟಿಯಂತೆ ಸಣ್ಣ ಗೂಡುಗಳ ಗುಂಪು, ತಲೆಯ ನಡುಮಧ್ಯದಲ್ಲಿ ಹಿಂದಕ್ಕೆ ಒಂದು. ಕೆನ್ನೆಯ ಪೊಟರೆಯನ್ನು ೧೬೫೧ರಲ್ಲಿ ನಥಾನಿಯಲ್ ಹೈಮೋರ್ ಎಂಬ ಇಂಗ್ಲಿಷ್ ವೈದ್ಯನು ವಿವರವಾಗಿ ವರ್ಣಿಸಿದನು. ಅದರ ಬಾಗಿಲು ಸೂರಿನ ಹತ್ತಿರ ಇದೆ. ಬಚ್ಚಲಿನ ತೂಬನ್ನು ಮಾಡಿನ ಕೆಳಗೆ ಇಟ್ಟು ಕಟ್ಟಿದ ಮನೆ. ಒಳಗಿನ ಸಣ್ಣ ರೋಮಗಳು ಕಸವನ್ನು ಮೇಲಕ್ಕೆ ತಳ್ಳಿ ಹೊರಹಾಕಬೇಕು. ಹಣೆಯ ಪೊಟರೆಗೆ ಬಾಗಿಲು ಕೆಳಗೇ ಇದ್ದರೂ ದಾರಿ ಇಕ್ಕಟ್ಟು ಮತ್ತು ಸೊಟ್ಟ. ಆದಕಾರಣವೇ ಎತ್ತರದಿಂದ ಇಳಿಯುವವರಿಗೆ ನೋವು ಬಹುಮಟ್ಟಿಗೆ ಹಣೆಯಲ್ಲಿ ಬರುವುದು. ಕೆನ್ನೆಯದಾದರೆ ಮೇಲುಹಲ್ಲುಗಳು ನೋಯುತ್ತವೆ. ಹಲ್ಲಿನ ವೈದ್ಯನ ಬಾಗಿಲಿಗೆ ಹೋಗಿ ನಿಲ್ಲುವವರೂ ಉಂಟಂತೆ.

ಈ ಬಾಗಿಲುಗಳು ತೆರೆದಿರುವವರೆಗೆ ಯಾವ ಎತ್ತರವೂ ಬಾಧಿಸದು. ಹೊರಗೆ ಗಾಳಿಯ ಭಾರ ಇಳಿದರೆ ಒಳಗಿನದು ಹೊರಕ್ಕೆ ಬರುತ್ತದೆ. ಹೊರಗೆ ಏರಿದರೆ ಹೊರಗಿನದು ಒಳಕ್ಕೆ ಹೋಗುತ್ತದೆ. ಭಾರ ಹೆಚ್ಚಿದಂತೆ ಗಾಳಿ ಕುಗ್ಗುವುದೆಂಬ ನಿಯಮವನ್ನು ರಾಬರ್ಟ್ ಬಾಯ್ಲ್ ಎಂಬ ವಿದ್ವಾಂಸನು ೧೬೬೨ರಲ್ಲಿ ಪ್ರಕಟಿಸಿದನು. ಮಂಗಳೂರಿನಲ್ಲಿ ಕೊಂಡ ಬಾಳೆಕಾಯಿ ಚಿಪ್ಸಿನ ಪೊಟ್ಟಣವು ಶಿರಾಡಿ ಘಾಟಿಯನ್ನು ಹತ್ತಿ ಸಕಲೇಶಪುರಕ್ಕೆ ಬರುವಷ್ಟರಲ್ಲಿ ಉಬ್ಬಿಕೊಳ್ಳುವುದನ್ನೂ, ಮೇಲೆ ನೀರು ಕುಡಿದು ಬಿರಟೆ ಹಾಕಿದ ಪ್ಲಾಸ್ಟಿಕ್ ಶೀಸೆಯು ಕೆಳಗೆ ಬರುವಷ್ಟರಲ್ಲಿ ಸೊಟ್ಟಗಾಗುವುದನ್ನೂ ಗೃಹಸ್ಥರೆಲ್ಲರೂ ನೋಡಿದ್ದಾರೆ. ಶೀಸೆಗೆ ಸೊಟ್ಟಗಾಗುವ ಸ್ವಾತಂತ್ರ್ಯವಿದೆ. ಎಲುಬಿನ ಪೊಟರೆಗೆ ಅದಿಲ್ಲ. ಬಾಗಿಲು ಮುಚ್ಚಿದ್ದರೆ ಒಳಗಿನ ಗಾಳಿ ಕುಗ್ಗಿದ ಜಾಗವನ್ನು ಏನಾದರೂ ತುಂಬಲೇಬೇಕು. ಪೊಟರೆಯ ಒಳಪೊರೆ ಊದಿಕೊಂಡು, ಸಣ್ಣ ರಕ್ತನಾಳಗಳು ಒಡೆದು, ನೀರೂ ರಕ್ತವೂ ಆ ಜಾಗಕ್ಕೆ ಸುರಿಯುತ್ತವೆ. ನಾವು ಕಂಡ ರಕ್ತವು ಅದೇ. ಗಾಳಿ ಹೊಡೆದು ಬಂದದ್ದಲ್ಲ, ಹಣೆಯೇ ಒಳಗಿನಿಂದ ಹೀರಿ ತಂದುಕೊಂಡದ್ದು.

ಹಾಗಾದರೆ ಮೇಲಕ್ಕೆ ಹೋಗುವಾಗ ಏಕೆ ನೋಯಲಿಲ್ಲವೆಂದು ನಾವು ಕೇಳಿದೆವು. ಕಮ್ಮಾರನ ತಿದಿಯ ನಾಲಗೆಯನ್ನು ನೆನೆದರೆ ಇದು ಸುಲಭ. ಹತ್ತುವಾಗ ಒಳಗಿನ ಗಾಳಿ ಹಿಗ್ಗಿ, ನೆಗಡಿಯಿಂದ ಊದಿದ ಪೊರೆಯನ್ನು ಸರಿಸಿಕೊಂಡು ಹೊರಗೆ ಬರುತ್ತದೆ. ಇಳಿಯುವಾಗ ಒಳಗಡೆ ಎಳೆತವುಂಟಾಗಿ ಅದೇ ಪೊರೆ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಕಾಲು ಗಂಟೆ ಆರಾಮವಾಗಿ ಹತ್ತಿದವಳು ತನಗೆ ನೆಗಡಿಯೇ ಇಲ್ಲವೆಂದು ನಂಬಿದ್ದಳು. ಮೂಗಿನೊಳಗೆ ದುರ್ಮಾಂಸ ಬೆಳೆದವರಿಗೆ ಇದು ತಲೆಕೆಳಗಾಗಿ, ಹತ್ತುವಾಗಲೇ ನೋಯುವುದೂ ಉಂಟು.

ಇನ್ನು ಲೆಕ್ಕವನ್ನು ನೋಡಿರಿ. ಸಮುದ್ರಮಟ್ಟದಲ್ಲಿ ಗಾಳಿಯ ಭಾರ ೭೬೦ ಮಿಲಿಮೀಟರು ಪಾದರಸದಷ್ಟು. ಪೆರಿಸಿನ ನೆಲ ಸುಮಾರು ೧,೪೦೦ ಅಡಿ ಎತ್ತರದಲ್ಲಿದೆ. ಅಲ್ಲಿಂದ ಮೇಲೆ ೧೨,೫೦೦ ಅಡಿಯಲ್ಲಿ ಅವಳು ಬಾಗಿಲು ಬಿಟ್ಟಾಗ ಭಾರವು ಸುಮಾರು ೪೫೦. ಗಂಟೆಗೆ ಇನ್ನೂರು ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಬಿದ್ದು, ೪,೫೦೦ ಅಡಿಯಲ್ಲಿ ಕೊಡೆ ಬಿಚ್ಚುವ ವೇಳೆಗೆ ಸುಮಾರು ೬೧೦. ಇಷ್ಟು ಏರಿಕೆ ಐವತ್ತು ಸೆಕೆಂಡುಗಳಲ್ಲಿ! ನಾವು ಕುಳಿತು ಬರುವ ದೊಡ್ಡ ವಿಮಾನಗಳು ಎಷ್ಟೇ ಮೇಲೆ ಹಾರಿದರೂ ಒಳಗಿನ ಗಾಳಿಯನ್ನು ಎಂಟು ಸಾವಿರ ಅಡಿಯ ಎತ್ತರಕ್ಕಿಂತ ತೆಳುವಾಗಲು ಬಿಡುವುದಿಲ್ಲ. ಇಳಿಯುವುದಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತವೆ. ನೆಲಕ್ಕೆ ಬರುವಷ್ಟರಲ್ಲಿ ಅವಳ ಹಣೆಯಲ್ಲಿ ಸಿಕ್ಕಿಬಿದ್ದ ಗಾಳಿಗೆ ಐದರಲ್ಲಿ ಮೂರು ಪಾಲಿನ ಜಾಗ ಸಾಕಾಗಿದ್ದಿತು. ಮಿಕ್ಕ ಎರಡು ಪಾಲಿನ ಬೆಲೆ ಆ ನೋವು.

ತಾಯಿಗೆ ತಿಳಿದ ಮೇಲೆ ನಡುದಾರಿಯಲ್ಲಿ ಹಿಂದಿರುಗಬಹುದಾಗಿತ್ತಲ್ಲ, ವಿಮಾನದಲ್ಲಿಯೇ ಕುಳಿತು ಇಳಿದು ಬರಬಹುದಾಗಿತ್ತಲ್ಲ ಎಂದು ಮನೆಯವರು ಕೇಳಿದರು. ವೈದ್ಯೆಯವರು ತಲೆಯಾಡಿಸಿ, ಹಾಗೆ ಬಂದಿದ್ದರೆ ನೋವು ಸ್ವಲ್ಪ ಕಡಿಮೆಯಾಗುತ್ತಿತ್ತೇನೋ, ಆದರೆ ಮೇಲೆ ಹೋದವರು ಹೇಗಾದರೂ ಕೆಳಕ್ಕೆ ಬರಲೇಬೇಕು. ಬೇಡವೆನ್ನುವುದಾದರೆ ನೆಲದ ಮೇಲೆಯೇ ಅನ್ನಬೇಕಾಗಿತ್ತು ಎಂದರು. ಮನೆಯವರು ನಮ್ಮ ಕಡೆಗೆ ತಿರುಗಲಿಲ್ಲ. ತಿರುಗಿದ್ದರೆ ವಾಸಿಯಾಗಿತ್ತು.

ಮೂಗಿನ ತುಂತುರು ಔಷಧದ ಕಥೆಯೂ ಹೊರಗೆ ಬಂದಿತು. ಆ ಬಗೆಯ ಔಷಧವು ಊದಿದ ಪೊರೆಯನ್ನು ಕೂಡಲೇ ಕುಗ್ಗಿಸುತ್ತದೆ; ಮೂರು ದಿನಗಳಿಗಿಂತ ಹೆಚ್ಚಾಗಿ ಹಾಕುತ್ತ ಹೋದರೆ, ಅದರ ಶಕ್ತಿ ಇಳಿದಂತೆಲ್ಲ ಪೊರೆ ಮೊದಲಿಗಿಂತಲೂ ಊದಿಕೊಳ್ಳುತ್ತದೆ. ಅವಳು ಆರು ದಿನ ಹಾಕಿದ್ದಳು. ಮಾತ್ರೆಯ ರೂಪದ ಇಂಥ ಔಷಧಗಳು ರಕ್ತದೊತ್ತಡವನ್ನು ಏರಿಸುವುದರಿಂದ ನಮ್ಮ ವಯಸ್ಸಿನವರು ಕೇಳದೆ ನುಂಗತಕ್ಕದ್ದಲ್ಲ. ನಾವು ನಿತ್ಯವೂ ಜಲನೇತಿ ಮಾಡುವವರು. ಅದನ್ನು ಇವಳಿಗೂ ಮಾಡಿಸೋಣವೆಂದು ಹೊರಟಾಗ, ಉಪ್ಪುನೀರು ಒಳ್ಳೆಯದೇ, ಆದರೆ ನಲ್ಲಿಯ ನೀರು ಕೂಡದು, ಕುದಿಸಿ ಆರಿಸಿದ್ದಾಗಬೇಕು ಎಂದು ಒತ್ತಿ ಹೇಳಿದರು. ಹಸಿನೀರಿನಲ್ಲಿ ಅಪರೂಪವಾಗಿ ಇರುವ ಅಮೀಬವೊಂದು ಮೂಗಿನ ಮಾರ್ಗವಾಗಿ ಮಿದುಳನ್ನು ಸೇರಿ ಪ್ರಾಣವನ್ನೇ ತೆಗೆಯುವುದುಂಟು. ಇಪ್ಪತ್ತು ವರ್ಷ ಹೇಮಾವತಿಯ ನೀರನ್ನು ಹಾಗೆಯೇ ಏರಿಸಿದ ನಾವು ಸುಮ್ಮನೆ ತಲೆಯಾಡಿಸಿದೆವು.

ಮೂಗು ಹಿಡಿದು ಬಾಯಿ ಮುಚ್ಚಿ ಊದಿ ಕಿವಿಯನ್ನು ಬಿಡಿಸಿಕೊಳ್ಳುವ ಉಪಾಯವು ವಾಲ್ಸಾಲ್ವಾ ಎಂಬ ಇಟಲಿಯ ಅಂಗರಚನಾಶಾಸ್ತ್ರಜ್ಞನ ಹೆಸರಿನಲ್ಲಿದೆ. ೧೭೦೪ರಲ್ಲಿ ಕಿವಿಯನ್ನು ಕುರಿತು ಬರೆದ ಗ್ರಂಥದಲ್ಲಿ ಅವನು ಅದನ್ನು ಹೇಳಿದ್ದಾನೆ. ಹಾರುವವರೆಲ್ಲ ಕೊಡೆ ಬಿಚ್ಚಿದ ಮೇಲೆ ಇದನ್ನು ಮಾಡುತ್ತಾರಂತೆ. ಕಿವಿಗೆ ಇದು ಮೆಲ್ಲಗೆ ಮಾಡಿದರೆ ಹಿತ. ಬಲವಾಗಿ ಊದಿದರೆ ಒಳಗಿವಿಗೆ ಪೆಟ್ಟು. ಮುಚ್ಚಿದ ಹಣೆಗಾದರೋ ಇದರಿಂದ ಅಷ್ಟಾಗಿ ಪ್ರಯೋಜನವಿಲ್ಲ. ಅವಳು ಕೊಡೆಯ ಕೆಳಗೆ ತೂಗಾಡುತ್ತ ಊದಿ ಊದಿ ದಣಿದಿದ್ದಳು. ನಾವು ಅದೇ ಹೊತ್ತಿನಲ್ಲಿ ಕೆಳಗೆ ನಿಂತು ಕೈಬೀಸುತ್ತಿದ್ದೆವು.

ಈ ಕಷ್ಟವು ಹೊಸದೇನೂ ಅಲ್ಲ. ಮನುಷ್ಯನು ಆಕಾಶಕ್ಕೆ ಏರಿದ ಮೊದಲನೆಯ ವರ್ಷದಲ್ಲಿಯೇ ಕಾಣಿಸಿಕೊಂಡಿತು. ೧೭೮೩ನೆಯ ಇಸವಿ ಡಿಸೆಂಬರ್ ೧ರಂದು ಪ್ಯಾರಿಸ್ ನಗರದಲ್ಲಿ ಜಾಕ್ ಶಾರ್ಲ್ ಎಂಬ ಭೌತವಿಜ್ಞಾನಿಯು ಜಲಜನಕ ತುಂಬಿದ ಬಲೂನಿನಲ್ಲಿ ಜತೆಗಾರನೊಡನೆ ಏರಿ, ಎರಡು ಗಂಟೆಯ ಕಾಲ ತೇಲಿ ಇಳಿದನು. ಸೂರ್ಯಾಸ್ತದ ವೇಳೆಗೆ ತಾನೊಬ್ಬನೇ ಮತ್ತೆ ಏರಿದಾಗ, ಭಾರ ಕಡಿಮೆಯಾದ ಬಲೂನು ಬಾಣದಂತೆ ಹತ್ತು ಸಾವಿರ ಅಡಿಯ ಸಮೀಪಕ್ಕೆ ನೆಗೆಯಿತು. ಅಸ್ತನಾದ ಸೂರ್ಯನನ್ನು ಅವನು ಮರಳಿ ಕಂಡನು. ಒಂದೇ ದಿನ ಎರಡು ಸೂರ್ಯಾಸ್ತಗಳನ್ನು ಕಂಡವನೆಂದು ಹೆಸರಾದನು. ಆ ಆನಂದದ ನಡುವೆಯೇ ಬಲಗಿವಿಯೊಳಗೂ ದವಡೆಯ ಬಳಿಯೂ ವಿಲಕ್ಷಣವಾದ ನೋವು ಹಿಡಿಯಿತು. ಇಳಿದುಬಂದವನು ಮತ್ತೆಂದೂ ಏರಲಿಲ್ಲ. ಗಾಳಿಯು ಕಾವಿಗೆ ಹಿಗ್ಗುವ ನಿಯಮಕ್ಕೆ ಅವನ ಹೆಸರೇ ಇದೆ! ಹದಿನಾಲ್ಕು ವರ್ಷಗಳ ಮೇಲೆ, ೧೭೯೭ರ ಅಕ್ಟೋಬರ್ ೨೨ರಂದು, ಅದೇ ನಗರದಲ್ಲಿ ಗಾರ್ನೆರಾ ಎಂಬವನು ಬಲೂನಿನಿಂದ ಕೊಡೆಯಲ್ಲಿ ಇಳಿದು ತೋರಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಯೋಧರ ಹಣೆನೋವನ್ನು ವೈದ್ಯರು ಬಿಡಿಸಿ ಬರೆದರು. ನಮ್ಮ ಸುಶ್ರುತರು ಮೂಗಿನ ರೋಗಗಳನ್ನು ಮೂವತ್ತೊಂದೆಂದು ಎಣಿಸಿದ್ದಾರೆ. ಪ್ರತಿಶ್ಯಾಯಕ್ಕೆ ನಿದಾನಗಳನ್ನೂ ಹೇಳಿದ್ದಾರೆ. ಆಕಾಶದಿಂದ ಬೀಳುವುದನ್ನು ಅವರು ಸೇರಿಸದೆ ಹೋದುದನ್ನು ಕ್ಷಮಿಸಬೇಕು.

ಯಂತ್ರದಲ್ಲಿ ತೆಗೆದ ಚಿತ್ರವನ್ನು ವೈದ್ಯೆಯವರು ಪರದೆಯ ಮೇಲೆ ತೋರಿಸಿದರು. ಗಾಳಿಯಿರುವ ಪೊಟರೆಗಳು ಕಪ್ಪಗೆ ಕಾಣುತ್ತವೆ. ಬಲಗಡೆಯ ಹುಬ್ಬಿನ ಮೇಲಿನದು ಅರ್ಧಕ್ಕೆ ಬೂದು ಬಣ್ಣವಾಗಿ, ಕೊಡದಲ್ಲಿ ನೀರು ನಿಂತಂತೆ ಗೆರೆ ಕಾಣುತ್ತಿದ್ದಿತು. ಶಸ್ತ್ರಚಿಕಿತ್ಸೆ ಬೇಕಿಲ್ಲ, ನೋವಿಗೆ ಮಾತ್ರೆ, ಮೂಗಿಗೆ ಬೇರೆಯ ಔಷಧ, ಉಪ್ಪುನೀರು, ಕಾಯುವುದು. ರಕ್ತವು ಕರಗಿ ಬಾಗಿಲು ತೆರೆಯುವವರೆಗೆ ಹಾರಕೂಡದು. ನಾಲ್ಕು ವಾರ ಪ್ರಯಾಣದ ವಿಮಾನವನ್ನೂ ಹತ್ತಕೂಡದು.

ನಾಲ್ಕು ವಾರವೆಂದರೆ ದೀಪಾವಳಿಯೂ ಹೋಯಿತು, ತಾಯಿಯವರ ಶಾಂತಿಯೂ ಹೋಯಿತು. ಮಗಳು ಕಾರಿನಲ್ಲಿ ಅತ್ತಳು. ಅಳುವುದರಿಂದ ಹಣೆ ಇನ್ನೂ ನೊಂದಿತು. "ನೆಗಡಿ ಹೋಗಿಲ್ಲವೆಂದು ಗೊತ್ತಿತ್ತು. ನೀವು ನೋಡದೆ ಹೋಗಿಬಿಡುತ್ತೀರಲ್ಲಾ ಅಂತ" ಎಂದಳು. ನಾವು ಕಿಟಕಿಯ ಹೊರಗೆ ನೋಡಿದೆವು. ಅವಳು ನೆಗೆದುದು ವಿಮಾನದಿಂದಲ್ಲ, ನಾವು ಶನಿವಾರ ರಾತ್ರಿ ಆಡಿದ ಮಾತಿನಿಂದ ಎಂದು ಆಗ ತೋರಿತು.

ಆ ರಾತ್ರಿ ನಿದ್ರೆ ಬರಲಿಲ್ಲ. ವೈದ್ಯೆಯವರು ಮಾತಿನ ನಡುವೆ, ನೆಗಡಿ ಬಲವಾಗಿದ್ದರೆ ಘಾಟಿಯ ರಸ್ತೆಯನ್ನು ಇಳಿಯುವಾಗಲೂ ಹೀಗಾಗಬಹುದೆಂದು ಹೇಳಿದ್ದರು. ಅದು ಮನಸ್ಸಿನಲ್ಲಿ ಕುಳಿತಿದ್ದಿತು. ೧೯೯೩ರ ಜನವರಿ ತಿಂಗಳಲ್ಲಿ ನಾವು ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ತೀರ್ಥಹಳ್ಳಿಯಿಂದ ಆಗುಂಬೆಗೆ ಬಂದು, ಘಾಟಿಯನ್ನು ಇಳಿದು, ಉಡುಪಿಗೆ ಹೋಗುವ ದಾರಿ. ಎಂಟನೆಯ ತರಗತಿಯ ಒಬ್ಬ ಹುಡುಗ. ಅವನ ಮೂಗು ವರ್ಷವಿಡೀ ಸುರಿಯುತ್ತಿದ್ದುದರಿಂದ ಮಕ್ಕಳು ಅವನಿಗೆ ಅಡ್ಡಹೆಸರಿಟ್ಟಿದ್ದರು. ನಾವೂ ಆ ಹೆಸರಿಗೆ ನಕ್ಕಿದ್ದುಂಟು. ತಿರುವುಗಳನ್ನು ಇಳಿಯತೊಡಗಿದ ಮೇಲೆ ಅವನು ಹಣೆಯನ್ನು ಹಿಡಿದುಕೊಂಡು ಕೂಗಲಾರಂಭಿಸಿದನು. ಬಸ್ಸಿನವನು ನಿಲ್ಲಿಸಲೇ ಎಂದನು. ನಾವು ಹುಡುಗನ ಹಣೆಯನ್ನು ಮುಟ್ಟಿ ನೋಡಿದೆವು, ಜ್ವರವಿಲ್ಲ, ಗಾಯವಿಲ್ಲ. "ಒಳಗೆ ಸೂಜಿ ಚುಚ್ಚುತ್ತದೆ ಸಾರ್" ಎಂದನು. ನಾಟಕವಾಡುತ್ತೀಯಾ ಎಂದು ಗದರಿಸಿ, ಸೋಮೇಶ್ವರ ಬರುವವರೆಗೆ ಅವನನ್ನು ಬಸ್ಸಿನಲ್ಲಿ ನಿಲ್ಲಿಸಿದೆವು.

ಸೂಜಿ ಎಂಬ ಮಾತು ಎರಡು ಸಲ ಕೇಳಿದೆವು. ಎರಡನೆಯದನ್ನು ಆಡಿದವಳು ನಮ್ಮ ಮಗಳಾದುದರಿಂದ ನಂಬಿದೆವು.

ನಾವಿಬ್ಬರೇ ಊರಿಗೆ ಬಂದೆವು. ತಾಯಿಯವರಿಗೆ ವಿಷಯವನ್ನು ತಿಳಿಸುವುದು ಸುಲಭವಾಗಲಿಲ್ಲ. ಎಲ್ಲವನ್ನೂ ಕೇಳಿ, "ಅವಳನ್ನು ನೂಕಿದವರು ಯಾರು?" ಎಂದರು. ಯಾರೂ ನೂಕಲಿಲ್ಲವೆಂದೆವು. ಅವರು ನಂಬಲಿಲ್ಲ. ಶಾಂತಿಯ ದಿನ ಮಗಳು ದೂರವಾಣಿಯ ಪರದೆಯಲ್ಲಿಯೇ ಅಜ್ಜಿಗೆ ನಮಸ್ಕಾರ ಮಾಡಿದಳು. ಅಜ್ಜಿ ಪರದೆಯ ಹಣೆಯ ಭಾಗಕ್ಕೆ ಅಕ್ಷತೆಯನ್ನು ಒತ್ತಿದರು. ಜನವರಿಯಲ್ಲಿ ಅವಳು ಬಂದು ಒಂದು ತಿಂಗಳು ಇದ್ದು ಹೋದಳು. ಈಗ ಮತ್ತೆ ಹಾರುತ್ತಾಳೆ. ಹಾರುವ ಹಿಂದಿನ ರಾತ್ರಿ ತಾಯಿಗೆ ಫೋನು ಮಾಡಿ "ಅಮ್ಮ" ಎನ್ನಬೇಕೆಂದು ಮನೆಯವರು ನಿಯಮ ಮಾಡಿದ್ದಾರೆ. ಅದು "ಅಬ್ಬ" ಎಂದು ಕೇಳಿಸಿದರೆ ಆ ವಾರ ಹಾರುವಂತಿಲ್ಲ. ಇದುವರೆಗೆ ಎರಡು ಸಲ ನಿಂತಿದ್ದಾಳೆ. ಒಂದು ಸಲ ಬರಿಯ ದೂರವಾಣಿಯ ದೋಷವಾಗಿದ್ದಿತಂತೆ, ಆದರೂ ನಿಂತಳು.

ಆ ಹುಡುಗನಿಗೆ ಈಗ ನಲವತ್ತೈದು ದಾಟಿದೆ. ಅರಕಲಗೂಡಿನಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದಾನೆ. ಹಳೆಯ ವಿದ್ಯಾರ್ಥಿಗಳಿಂದ ಅವನ ನಂಬರನ್ನು ಪಡೆದು, ಬಹಳ ದಿನ ಹಿಂದು ಮುಂದು ನೋಡಿ, ಒಂದು ಸಂಜೆ ಮಾತಾಡಿದೆವು. ಬಸ್ಸಿನಲ್ಲಿ ನಿಲ್ಲಿಸಿದ್ದು ಅವನಿಗೆ ನೆನಪಿದ್ದಂತೆ ತೋರಲಿಲ್ಲ; ಅಥವಾ ನೆನಪಿಲ್ಲವೆಂದನು. ಮಲ್ಪೆಯ ಸಮುದ್ರವನ್ನು ಮೊದಲ ಸಲ ಕಂಡದ್ದು ನೆನಪಿದೆಯೆಂದನು. ಹಣೆನೋವು ಈಗಲೂ ಚಳಿಗಾಲದಲ್ಲಿ ಬರುತ್ತದಂತೆ. ಮೂಗಿನ ನಡುಗೋಡೆ ಸೊಟ್ಟಗಿದೆಯೆಂದು ಹಾಸನದ ಡಾಕ್ಟರೊಬ್ಬರು ಹೇಳಿದ್ದಾರಂತೆ.

"ಅದೆಲ್ಲ ಈಗ ಯಾಕೆ ಕೇಳ್ತೀರಿ ಮೇಷ್ಟ್ರೇ?" ಎಂದನು.

ನಾವು ಮಗಳ ವಿಷಯವನ್ನು ಮೊದಲಿನಿಂದ ಹೇಳಿದೆವು. ಅವನು ನಡುವೆ ಮಾತಾಡದೆ ಕೇಳಿದನು. ಅತ್ತ ಕಡೆ ಯಾರೋ ಗಿರಾಕಿ ಮೊಳೆಯ ಬೆಲೆ ಕೇಳುತ್ತಿದ್ದುದು ಕಿವಿಗೆ ಬೀಳುತ್ತಿದ್ದಿತು. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲಿಂದ ನೋಡಿದ್ರೆ ಸಮುದ್ರ ಕಾಣುತ್ತಂತಾ ಸಾರ್, ಅವರಿಗೆ?" ಎಂದು ಕೇಳಿದನು. ತಿಳಿಯದು, ಕೇಳಿ ಹೇಳುತ್ತೇವೆ ಎಂದೆವು.